ಬಳಿ ಬೈಗುಳ ಆದದ್ದು ಹೆಂಗ?

ಸ್ವಲ್ಪ ಉದ್ದ ಆಗ್ತದ, ಪುರುಸೊತ್ತಿದ್ದಾಗ ಓದ್ರಿ. ಅರ್ಧ ಓದಿ ಬೈಬ್ಯಾಡ್ರಿ, ಪೂರ್ತಿ ಓದಿ ಬೈರಿ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಭಾಗದ ಒಂದು ಕೇರಿಗೆ ಸ್ಮಶಾನದ ಜಾಗ ಮಂಜೂರಾಗಿತ್ತು, ಅಳತೆ ಮಾತ್ರ ಆಗಿರಲಿಲ್ಲ. ಫೈಲು ಒಂದು ಕಚೇರಿಯಾಗ ಕುಂತಿತ್ತು. ನಾವೂ ಆ ಕಚೇರಿ ಮುಂದ ಕುಂತ್ವಿ. ಮೂರು ದಿನ ಆದರೂ ಸಾಹೇಬರು ಹೊರಗ ಬರಲಿಲ್ಲ. ಆಗ ನಾವು ಮಾಡಿದ್ದು ಎಲ್ಲಾ ಸಂಘಟನೆಗಳು ಮಾಡೋದನ್ನೇ. ಒಂದು ತಾಟಿನ್ಯಾಗ ಹಸಿರು ಬಳಿ, ಅರಿಷಿಣ ಕುಂಕುಮ, ಒಂದು ಸೀರಿ ಇಟ್ಟುಕೊಂಡು ಬಾಗಿಲ ತನಕ ಮೆರವಣಿಗೆ. "ಗಂಡಸಾಗಿದ್ರ ಹೊರಗ ಬಾ, ಇಲ್ಲಾ ಬಳಿ ತೊಟ್ಕೋ!" ಆ ಘೋಷಣೆ ಬರೆದವನು ನಾನೇ. ಮರುದಿನ ಪೇಪರಿನಾಗ ಫೋಟೋ ಬಂತು. ತಾಟು ಹಿಡಿದವನೂ ನಾನೇ.

ಮೂರೂ ದಿನ ನಮ್ಮ ಜೋಡಿ ಕುಂತು ಚೌಡಿಕಿ ಬಾರಿಸಿ ಹಾಡಿದ ಒಬ್ಬ ಜೋಗವ್ವ ಇದ್ದರು. ಊರ ಮಂದಿ 'ಜೋಗಪ್ಪ' ಅಂತಾರ, ಕೇರಿಯಾಗ ನಾವು 'ಯವ್ವಾ' ಅಂತೀವಿ. ಗಂಡುಕೂಸಾಗಿ ಹುಟ್ಟಿದವರು, ನಮ್ಮ ಸಮಾಜದವರೇ. ಮೆರವಣಿಗೆ ಹೊಂಟಾಗ ಅವರ ಚೌಡಿಕಿ ನಿಂತಿತ್ತು, ನಾನು ಗಮನಿಸಿರಲಿಲ್ಲ. ಸಂಜಿಗೆ ಚಹಾ ಒಯ್ದು ಕೊಟ್ಟಾಗ ಅಂದರು: "ತಮ್ಮಾ, ಈ ಬಳಿ ತೊಡಾಕ ನಾ ಅಪ್ಪನ ಕೈಲೆ ಹೊಡಿಸ್ಕೊಂಡೀನಿ, ಅಣ್ಣನ ಕೈಲೆ ಒದಿಸ್ಕೊಂಡೀನಿ. ನೀ ಅದನ್ನ ಬೈಯಾಕ ತಂದಿಯಲ್ಲೋ."

ನನ್ನ ಹತ್ರ ಉತ್ತರ ಇರಲಿಲ್ಲ. ಈ ಬರಹ ಆವತ್ತು ಕೊಡಬೇಕಿದ್ದ ಉತ್ತರ ಅಂತಲ್ಲ. ಆ ಬೈಗುಳ ನನ್ನ ಬಾಯಿಗೆ ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕ ಕೆಲವು ಸಂಗತಿಗಳು, ಅಷ್ಟೇ.

ಶುರು ಎಲ್ಲಿಂದ ಅಂದ್ರ, ಬಿ.ಎ. ಓದುವಾಗ ನಮಗ ಪಾಠ ಇದ್ದ ಒಂದು ಆಫ್ರಿಕಾದ ಕಾದಂಬರಿಯಿಂದ. ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಬರೆದ 'ಥಿಂಗ್ಸ್ ಫಾಲ್ ಅಪಾರ್ಟ್'. ಅದರಾಗ 'ಓಸು' ಅಂತ ಒಂದು ಗುಂಪು ಬರ್ತದ. ಅವರನ್ನ ಯಾರೂ ಮುಟ್ಟಂಗಿಲ್ಲ, ಮದುವಿ ಆಗಂಗಿಲ್ಲ, ಅವರು ಕೂದಲ ಕತ್ತರಿಸಂಗಿಲ್ಲ. ಆ ಪುಟ ಓದಿದಾಗ ನಮ್ಮ ಹಾಸ್ಟೆಲಿನ ಹುಡುಗರು ಇಡೀ ರಾತ್ರಿ ಮಾತಾಡಿದ್ವಿ. ಆದರೆ ಅದೇ ಪುಸ್ತಕದಾಗ ಇನ್ನೊಂದು ಶಬ್ದ ಇತ್ತು, 'ಅಗ್ಬಾಲಾ'. ಇಗ್ಬೋ ಭಾಷೆಯಾಗ ಹೆಣ್ಣು ಅಂತಲೂ ಅರ್ಥ, ಬಿರುದು ಗಳಿಸದ ಗಂಡಸು ಅಂತಲೂ ಅರ್ಥ. ನಾಯಕ ಒಕೊಂಕ್ವೊ ಸಣ್ಣವನಿದ್ದಾಗ ಗೆಳೆಯನೊಬ್ಬ ಅವನ ಅಪ್ಪನನ್ನು ಅಗ್ಬಾಲಾ ಅಂದುಬಿಡ್ತಾನ. ಆ ಒಂದು ಶಬ್ದದ ಹೆದರಿಕಿಗೆ ಅವನು ಜೀವನಪೂರ್ತಿ ಹೆಂಡಂದಿರನ್ನ ಹೊಡಿತಾನ, ಸಾಕುಮಗನನ್ನ ಕಡಿತಾನ, ಕಡೀಕ ತಾನೂ ಹಾಳಾಗ್ತಾನ. ಓಸು ಹತ್ರ ನಿಂತ ನಾವು ಅಗ್ಬಾಲಾ ಹತ್ರ ನಿಲ್ಲಲಿಲ್ಲ. ಮೇಷ್ಟ್ರೂ ನಿಲ್ಲಿಸಲಿಲ್ಲ. ನಮ್ಮ ಬಳಿ ತಾಟಿನ ಘೋಷಣೆ ಅದೇ ಅಗ್ಬಾಲಾ ಅಲ್ಲೇನ್ರಿ?

ಜೋಗವ್ವನ ಮಾತು ಕೇಳಿದ ಮ್ಯಾಲೆ ಪಶ್ಚಿಮ ಆಫ್ರಿಕಾದವರು ಮುಂದ ಏನು ಬರೆದರು ಅಂತ ನೋಡಿದೆ. ಇಂಗ್ಲಿಷ್ ನನಗ ನಿಧಾನ, ಒಂದೊಂದು ಪುಸ್ತಕಕ್ಕ ತಿಂಗಳು ಹಿಡೀತು. ಅಲ್ಲಿಯ ಮೊದಲಿನ ದೊಡ್ಡ ಲೇಖಕರ ಕಥೆಗಳಾಗ ಗಂಡು ಗಂಡನ್ನ ಮೆಚ್ಚೋದು, ಹೆಣ್ಣು ಹೆಣ್ಣನ್ನ ಮೆಚ್ಚೋದು ಬಂದ್ರ, ಅದು ಹೊರಗಿನವರ ರೋಗ. ವೋಲೆ ಸೋಯಿಂಕಾ 1965ರಲ್ಲಿ ಬರೆದ 'ದಿ ಇಂಟರ್‌ಪ್ರಿಟರ್ಸ್' ಕಾದಂಬರಿಯಾಗ ಅಂಥವನು ಅಮೆರಿಕದಿಂದ ಬಂದವನು, ಅವನಿಗೆ ಹೆದರಿ ಒಬ್ಬ ಹುಡುಗ ಮ್ಯಾಲಿಂದ ಬಿದ್ದು ಸಾಯ್ತಾನ. ಘಾನಾದ ಅಮಾ ಅಟಾ ಐಡೂ 1977ರ 'ಅವರ್ ಸಿಸ್ಟರ್ ಕಿಲ್‌ಜಾಯ್' ಪುಸ್ತಕದಾಗ ಕರಿ ಹುಡುಗಿಯ ಕಡೆ ಕೈ ಚಾಚೋವಳು ಜರ್ಮನಿಯ ಬಿಳಿ ಹೆಂಗಸು. ನಮ್ಮವರು ಹಂಗಲ್ಲ, ಬಂದದ್ದು ಹಡಗಿನಿಂದ ಅಂತ.

2005ರಲ್ಲಿ ಜೂಡ್ ಡಿಬಿಯಾ 'ವಾಕಿಂಗ್ ವಿತ್ ಶ್ಯಾಡೋಸ್' ಬರೆದಾಗ ಇದು ತಿರುಗಿತು. ನಾಯಕ ಲಾಗೋಸ್ ನಗರದಾಗ ಒಳ್ಳೆ ನೌಕರಿ ಇರೋವನು, ಹೆಂಡತಿ ಮಗಳು ಇರೋವನು, ಅಪ್ಪಟ ನೈಜೀರಿಯಾದವನು. ಅವನ ಗುಟ್ಟು ಹೊರಗ ಬಿದ್ದಾಗ ಮನೆ, ಆಫೀಸು, ಚರ್ಚು ಎಲ್ಲಾ ಹೆಂಗ ತಿರುಗಿ ಬೀಳ್ತಾವು ಅನ್ನೋದೇ ಕಥೆ. ಹತ್ತು ವರ್ಷದ ಮ್ಯಾಲೆ, 2015ರಲ್ಲಿ, ಚಿನೆಲೊ ಒಕ್ಪರಾಂಟಾ 'ಅಂಡರ್ ದಿ ಉಡಾಲಾ ಟ್ರೀಸ್' ಬರೆದಳು. ಬಿಯಾಫ್ರಾ ಯುದ್ಧದ ಕಾಲ. ಇಗ್ಬೋ ಹುಡುಗಿ ಇಜೆಯೋಮಾ, ಹೌಸಾ ಹುಡುಗಿ ಅಮೀನಾ. ಎರಡು ಕುಲ ಒಬ್ಬರನ್ನೊಬ್ಬರು ಕೊಲ್ಲಾಕ ಹತ್ತಿದಾಗ ಈ ಇಬ್ಬರು ಕೂಡ್ತಾರ. ತಾಯಿ ಬೈಬಲ್ ಹಿಡಿದು ಪುಟಪುಟ ಓದಿಸಿ ಮಗಳನ್ನ 'ಸರಿ' ಮಾಡಾಕ ನೋಡ್ತಾಳ. ಆ ತಾಯಿಗೆ ಸಿಟ್ಟು ಯಾವುದಕ್ಕ ಜಾಸ್ತಿ, ಹುಡುಗಿಯನ್ನ ಮೆಚ್ಚಿದ್ದಕ್ಕೋ ಹೌಸಾದವಳನ್ನ ಮೆಚ್ಚಿದ್ದಕ್ಕೋ ಅಂತ ನಾನು ಓದುವಾಗ ವಿಚಾರ ಮಾಡಿದೆ. ಮರ್ಯಾದೆಗೇಡು ಹತ್ಯೆಯ ಸುದ್ದಿ ಓದೋ ನಮಗ ಈ ಪ್ರಶ್ನೆ ಹೊಸದಲ್ಲ.

ಇನ್ನೊಂದು ಹೇಳಿ ಮುಂದ ಹೋಗ್ತೀನಿ. ಅಕ್ವೇಕೆ ಎಮೆಜಿ 2020ರಲ್ಲಿ ಬರೆದ 'ದಿ ಡೆತ್ ಆಫ್ ವಿವೇಕ್ ಓಜಿ'. ಅಜ್ಜಿ ಸತ್ತ ದಿನವೇ ಹುಟ್ಟಿದ ಕೂಸು, ಅಜ್ಜಿಯ ಕಾಲಿನಾಗಿದ್ದ ಕಲೆಯೇ ಇದರ ಕಾಲಿನಾಗೂ. ಹಳೇ ಇಗ್ಬೋ ನಂಬಿಕೆಯ ಪ್ರಕಾರ ಅಜ್ಜಿ ಮೊಮ್ಮಗನಾಗಿ ಮರಳಿ ಬಂದಾಳ. ಆದರೆ ಓದಿದ ಮನೆಯವರು ಅದನ್ನ ಒಪ್ಪೋದಿಲ್ಲ. ಹುಡುಗ ಕೂದಲ ಬಿಟ್ಟಾಗ ದೆವ್ವ ಬಿಡಿಸಾಕ ಚರ್ಚಿಗೆ ಒಯ್ತಾರ. ಈ ಕಥೆ ಓದಿದಾಗ ನನಗ ನೆನಪಾದದ್ದು ನಮ್ಮ ಎಲ್ಲಮ್ಮನ ಜಾತ್ರಿ.

ಕಾನೂನಿನ ಕಥೆ ಇನ್ನೂ ಹತ್ತಿರದ್ದು. ಐಪಿಸಿ 377ನೇ ಕಲಮು ಬ್ರಿಟಿಷರು 1860ರಲ್ಲಿ ಬರೆದದ್ದು, ಮೆಕಾಲೆ ಕರಡು ಹಾಕಿದ ಸಂಹಿತೆ. ಅದೇ ಐಪಿಸಿಯನ್ನ ಅವರು ಸುಡಾನಿಗೆ ಒಯ್ದರು. ಸುಡಾನಿನ ಸಂಹಿತೆಯನ್ನ ನೋಡಿಕೊಂಡು 1960ರ ಹೊತ್ತಿಗೆ ಉತ್ತರ ನೈಜೀರಿಯಾದ ದಂಡಸಂಹಿತೆ ಬಂತು. ಅಂದ್ರ ಅಲ್ಲಿಯ ಕಾನೂನು ನಮ್ಮ ಕಾನೂನಿನ ಮೊಮ್ಮಗ. ಆ ದೇಶದ ರಾಜಕಾರಣಿಗಳು 'ಸಲಿಂಗಪ್ರೇಮ ಬಿಳಿಯರದ್ದು, ನಮ್ಮ ಸಂಸ್ಕೃತಿಯದ್ದಲ್ಲ' ಅಂತ ಭಾಷಣ ಮಾಡೋದು ಬಿಳಿಯರು ಬರೆದ ಕಲಮು ಕೈಯಾಗ ಹಿಡಕೊಂಡು. ನಗಬ್ಯಾಡ್ರಿ, ನಮ್ಮವರೂ ಅದೇ ಭಾಷಣ ಮಾಡಿದರು. 2009ರಲ್ಲಿ ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ಕ್ಕ ಸುಪ್ರೀಂ ಕೋರ್ಟು, ಇಂಥವರು ಬಹಳ ಕಡಿಮಿ ಮಂದಿ ಅಂತ ಹೇಳಿ ಆ ಹಲ್ಲು ಮತ್ತ ಕೂಡಿಸಿತು. ತಿಂಗಳೂ ಕಳೀಲಿಲ್ಲ, 2014ರ ಜನವರಿ 7ಕ್ಕ ನೈಜೀರಿಯಾದ ಅಧ್ಯಕ್ಷ ಸಲಿಂಗ ಮದುವೆಗೆ 14 ವರ್ಷ ಜೈಲು ಅನ್ನೋ ಕಾಯ್ದೆಗೆ ಸಹಿ ಹಾಕಿದ. ಕಡಿಮಿ ಮಂದಿ ಇದ್ದರ ಹಕ್ಕು ಇಲ್ಲ ಅನ್ನೋದಾದ್ರ, ಊರಿಗೆ ಹತ್ತು ಮನಿ ಇರೋ ನಮ್ಮ ಕೇರಿಗಳ ಗತಿ ಏನು?

ಇನ್ನೂ ಒಂದು ಹಳೇ ಕಾಯ್ದೆ ಐತಿ, ನಮ್ಮವರು ಅದರ ಅರ್ಧ ಮಾತ್ರ ನೆನಪಿಟ್ಟೀವಿ. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಅದರ ಮೊದಲನೇ ಭಾಗ ಅಲೆಮಾರಿ ಕುಲಗಳಿಗೆ ಹುಟ್ಟಿನಿಂದಲೇ ಕಳ್ಳರು ಅಂತ ಠಸ್ಸೆ ಒತ್ತಿತು. ಮುಂದ 1911ರ ಕಾಯ್ದೆಯಿಂದ ಅದು ಎಲ್ಲಾ ಕಡೆ ಬಂತು. ನಮ್ಮ ವಿಜಯಪುರದಾಗ, ಹುಬ್ಬಳ್ಳಿ, ಗದಗದಾಗ ತಂತಿ ಬೇಲಿಯ ಸೆಟ್ಲಮೆಂಟುಗಳಿದ್ದದ್ದು ಹಿರಿಯರಿಗೆ ಗೊತ್ತು. 1871ರ ಕಾಯ್ದೆಗೆ ಎರಡನೇ ಭಾಗವೂ ಇತ್ತು. ಅದು ಉತ್ತರ ಭಾರತದ ಹಿಜಡಾಗಳ ಬಗ್ಗೆ. ಹೆಸರು ರಜಿಸ್ಟರಿನಾಗ ಬರೆಸಬೇಕು, ಹೆಂಗಸರ ಬಟ್ಟಿ ತೊಟ್ಟು ಬಯಲಿಗೆ ಬಂದ್ರ, ಕುಣಿದ್ರ ಜೈಲು. ಒಂದೇ ಕಾಯ್ದೆ, ಒಂದೇ ರಜಿಸ್ಟರ್. ನಾವು ಅದರ ಮೊದಲ ಭಾಗದ ವಿರುದ್ಧ ಸಮಾವೇಶ ಮಾಡಿದವರು, ಎರಡನೇ ಭಾಗದವರನ್ನ ಬಸ್ ಸ್ಟ್ಯಾಂಡಿನಾಗ ಕಂಡ್ರ ಮುಖ ತಿರುಗಿಸಿದವರು. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಹೊಸ ಕಲಮು ಸೇರಿಸಿ ಮತ್ತ ಅಂಥದೇ ರಜಿಸ್ಟರ್ ಇಡಾಕ ಹೇಳಿದರು. ಹೋರಾಟಗಾರರು ಕೋರ್ಟಿಗೆ ಹೋದ ಮ್ಯಾಲೆ ಅದಕ್ಕ ತಿದ್ದುಪಡಿ ಆಯ್ತು. ಕೋರ್ಟಿಗೆ ಹೋದವರಾಗ ನಾವು ಇರಲಿಲ್ಲ.

'ಬಾಬಾಸಾಹೇಬರ ಹೋರಾಟಕ್ಕೂ ಇದಕ್ಕೂ ಏನ್ ಸಂಬಂಧ?' ಅಂತ ಕೇಳೋ ಗೆಳೆಯರು ಇದಾರ. ಅವರಿಗಾಗಿ 1934ರ ಒಂದು ಖಟ್ಲೆ. ಮುಂಬೈಯಾಗ ರಘುನಾಥ ಧೋಂಡೋ ಕರ್ವೆ ಅನ್ನೋವರು 1927ರಿಂದ 'ಸಮಾಜ ಸ್ವಾಸ್ಥ್ಯ' ಅಂತ ಮರಾಠಿ ಮಾಸಿಕ ನಡಸ್ತಿದ್ದರು. ಓದುಗರು ಮನೆಯಾಗ ಕೇಳಲಾಗದ ಪ್ರಶ್ನೆ ಕೇಳ್ತಿದ್ದರು, ಇವರು ಮುಚ್ಚುಮರಿ ಇಲ್ಲದೇ ಉತ್ತರ ಬರೀತಿದ್ದರು. ಅಶ್ಲೀಲ ಅಂತ ಕೇಸಾಯ್ತು. ಆ ಪ್ರಶ್ನೆಗಳಾಗ ಸಲಿಂಗ ಸಂಬಂಧದ್ದೂ ಇತ್ತು. ಕರ್ವೆ ಪರವಾಗಿ ನಿಂತ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಪೂನಾ ಒಪ್ಪಂದ ಆಗಿ ಎರಡೇ ವರ್ಷ, ಯೇವಲಾದಾಗ ಹಿಂದೂ ಆಗಿ ಸಾಯೋದಿಲ್ಲ ಅಂತ ಘೋಷಿಸೋದಕ್ಕ ಇನ್ನೊಂದೇ ವರ್ಷ. ಅಷ್ಟು ಕೆಲಸದ ನಡುವೆ ಈ ಕೇಸು ಹಿಡಿದರು. ಹ್ಯಾವಲಾಕ್ ಎಲಿಸ್ ಅನ್ನೋ ವಿದ್ವಾಂಸನ ಸಂಶೋಧನೆ ಮುಂದಿಟ್ಟು, ಹುಟ್ಟುಗುಣದಿಂದ ಹಂಗಿರೋವರಲ್ಲಿ ತಪ್ಪು ಹುಡುಕಬಾರದು ಅನ್ನೋ ಅರ್ಥದಾಗ ವಾದಿಸಿದರು. ಕೇಸು ಸೋತಿತು, ಕರ್ವೆಗೆ 200 ರೂಪಾಯಿ ದಂಡ. 84 ವರ್ಷದ ಮ್ಯಾಲೆ, 2018ರ ಸೆಪ್ಟೆಂಬರ್ 6ಕ್ಕ, ಒಪ್ಪಿಕೊಂಡ ವಯಸ್ಕರ ಮ್ಯಾಲಿದ್ದ 377ರ ಹಿಡಿತವನ್ನ ಸುಪ್ರೀಂ ಕೋರ್ಟು ತೆಗೆದಾಗ ಆಧಾರ ಮಾಡಿಕೊಂಡದ್ದು ಬಾಬಾಸಾಹೇಬರ 'ಸಾಂವಿಧಾನಿಕ ನೈತಿಕತೆ' ಅನ್ನೋ ಮಾತನ್ನೇ. ಏಪ್ರಿಲ್ 14ರ ನಮ್ಮ ಭಾಷಣಗಳಾಗ 1934 ಯಾಕ ಬರೋದಿಲ್ಲ?

ಅದೇ 1934ರಲ್ಲಿ ಮುಂಬೈ ಪ್ರಾಂತ್ಯಕ್ಕ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಆಗಿನ ವಿಜಾಪುರ ಜಿಲ್ಲಾ ಆ ಪ್ರಾಂತ್ಯದಾಗೇ ಇತ್ತು. ಮುಂದ 1982ಕ್ಕ ಕರ್ನಾಟಕದ ಕಾಯ್ದೆ. ಎರಡೂ ಹೆಣ್ಣುಮಕ್ಕಳಿಗಾಗಿ ಬಂದವು, ಬೇಕಾಗಿತ್ತು. ನಮ್ಮ ಸಂಘಟನೆಗಳು ಮುತ್ತು ಕಟ್ಟೋದರ ವಿರುದ್ಧ, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ಹೋರಾಡಿದ್ದೂ ಸರಿಯೇ. ಆದರೆ ಜೋಗಪ್ಪಗಳು ಕಾಯ್ದೆಯ 'ಹೆಣ್ಣು' ಅನ್ನೋ ಶಬ್ದದಾಗ ಬರಲಿಲ್ಲ, ಪುನರ್ವಸತಿ ಲೆಕ್ಕದಾಗೂ ಬರಲಿಲ್ಲ. ಊರಿಗೆ ಅವರು ದೇವರು, ಪೊಲೀಸರಿಗೆ ಭಿಕ್ಷುಕರು, ನಮಗ ಮೂಢನಂಬಿಕೆ. ನಮ್ಮ ಕಳ್ಳಕವಟಗಿ ಕಡೆಯವರು ಎಲ್ಲಮ್ಮನ ಜಾತ್ರಿಗೆ ಜತ್ತಕ್ಕ, ಕೊಕಟನೂರಿಗೆ, ಸವದತ್ತಿಗೆ ಹೋಗೋವರು. ಜಾತ್ರಿಯಾಗ ಇದೇ ಜೋಗವ್ವನ ಕಾಲಿಗೆ ಬೀಳ್ತಾರ, ಭಂಡಾರ ಹಚ್ಚಿಸ್ಕೊಳ್ತಾರ. ದ್ರಾಕ್ಷಿ ಸುಗ್ಗಿ ಬಂದಾಗ ತೋಟಕ್ಕ ಕೂಲಿಗೆ ಮಾತ್ರ ಕರಿಯೋದಿಲ್ಲ. ಒಬ್ಬ ತೋಟದ ಮಾಲಕ ನಗತಾ ಕೇಳಿದ್ದನ್ನ ಜೋಗವ್ವ ಹೇಳಿದರು: "ನಿನಗ ಗಂಡಾಳಿನ ಪಗಾರ ಕೊಡ್ಲೋ, ಹೆಣ್ಣಾಳಿನ ಪಗಾರ ಕೊಡ್ಲೋ?" ಸುತ್ತ ನಿಂತವರೆಲ್ಲಾ ನಕ್ಕರಂತ. ತಲಿ ಮ್ಯಾಲೆ ಕೊಡ ಇದ್ದರ ದೇವಿ, ಕೊಡ ಇಳಿಸಿದರ ಚೇಷ್ಟೆ.

ಈಗ ನಮ್ಮ ಕನ್ನಡದ ಕಥೆಗೆ ಬರ್ತೀನಿ. 2013ರಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಬಂತು. ಸಂಡೂರಿನವರು, ಸಾಫ್ಟ್‌ವೇರ್ ನೌಕರಿಯಾಗ ಇದ್ದವರು. ಮೊದಲ ಕಥೆಯನ್ನ ಪತ್ರಿಕೆಗೆ ಕೊಟ್ಟಾಗ ತಮ್ಮ ಹೆಸರು ಹಾಕಿರಲಿಲ್ಲ, ಬೇರೆ ಹೆಸರಿನಿಂದ ಬಂತು. ಅಷ್ಟು ಹೆಸರಾದ ಲೇಖಕರಿಗೇ ಆ ಹೆದರಿಕಿ ಇತ್ತು ಅಂದ್ರ ವಿಚಾರ ಮಾಡ್ರಿ. ಪುಸ್ತಕ ತಮ್ಮ ಹೆಸರಿನಿಂದಲೇ ಬಂದ ವರ್ಷವೇ ಡಿಸೆಂಬರಿಗೆ 377 ವಾಪಸ್ ಬಂತು. ಸಾವಿರಾರು ಮೈಲಿ ದೂರದ ಕಾದಂಬರಿಗೂ ಇದಕ್ಕೂ ಒಂದೇ ಕಾಲ, ಒಂದೇ ಕಲಮು.

ನಾನು ಆಗ ಆ ಪುಸ್ತಕ ಓದಲಿಲ್ಲ. 'ಬೆಂಗಳೂರಿನ ಫ್ಲ್ಯಾಟಿನವರ ಸಮಸ್ಯೆ, ಮೇಲ್ಜಾತಿಯವರ ಸಮಸ್ಯೆ, ಹೊಟ್ಟಿ ತುಂಬಿದವರದ್ದು' ಅಂತ ಇಲ್ಲೇ ಒಂದು ಪೋಸ್ಟ್ ಹಾಕಿದ್ದೆ. ಲೈಕು ಬಹಳ ಬಂದವು. ಸೋಯಿಂಕಾ 'ಅಮೆರಿಕದ ರೋಗ' ಅಂತ ತೋರಿಸಿದ್ದಕ್ಕೂ ನಾನು 'ಬೆಂಗಳೂರಿನ ರೋಗ' ಅಂದಿದ್ದಕ್ಕೂ ಏನು ಫರಕು? ದೂರದ ಊರಿನ ಹೆಸರು ಒಂದು ಬದಲು.

ಆಮ್ಯಾಲೆ ಓದಿದೆ. ಸೈಕಲ್ ಹೊಡಿಯಾಕ ಬರದ ಹುಡುಗ, ಅದಕ್ಕ ಓಣಿಯ ಹುಡುಗರು ಕೊಡೋ ಹೆಸರು. ಜೋಡಿ ಇದ್ದ ಕಾರ್ತಿಕ್ ಒಂದು ದಿನ ಹುಡುಗಿ ಜೋಡಿ ಮದುವಿ ಅಂದಾಗ ಮೋಹನಸ್ವಾಮಿಗೆ ಅಳಾಕೂ ಜಾಗ ಇಲ್ಲ, ಯಾಕಂದ್ರ ಅದು ಸಂಬಂಧ ಅಂತ ಯಾರ ಲೆಕ್ಕದಾಗೂ ಇಲ್ಲ. ಕಡೀಕ ಅವನು ಕಿಲಿಮಂಜಾರೊ ಹತ್ತಾಕ ಹೋಗ್ತಾನ. ಆಫ್ರಿಕಾಕ್ಕ! ಅಲ್ಲಿ ನಾನು ನಕ್ಕೆ. ನಾನು ಆಫ್ರಿಕಾದ ಪುಸ್ತಕ ಓದಿ ಅವನ ಹತ್ರ ಬಂದೆ, ಅವನು ಆಫ್ರಿಕಾದ ಗುಡ್ಡಕ್ಕ ಹೋಗಿ ಕುಂತಿದ್ದ. ಆದರೆ ಆ ಸೈಕಲಿನ ಕಥೆ ಓದುವಾಗ ನಗಲಿಲ್ಲ. ನಮ್ಮ ಸಾಲಿಯಾಗ ನನ್ನ ಜೋಡಿ ಒಂದೇ ಬೆಂಚಿನಾಗ ಕುಂದ್ರೋ ಒಬ್ಬ ಹುಡುಗ ಇದ್ದ. ನಡಿಗಿ ಸ್ವಲ್ಪ ಬ್ಯಾರೆ, ಅಷ್ಟೇ. ಊರ ಹುಡುಗರು ಅವನಿಗೆ ಜಾತಿ ಹೆಸರಿಲೆ ಬೈದಾಗ ನಾವು ಕೇರಿಯವರೆಲ್ಲಾ ಒಂದಾಗಿ ಹೊಡೆದಾಡೀವಿ. ಅದೇ ಹುಡುಗನಿಗೆ ನಡಿಗಿ ಮ್ಯಾಲಿಂದ ಹೆಸರು ಇಟ್ಟಾಗ ನಾವೂ ಕೂಡಿ ನಕ್ಕೀವಿ. ಹತ್ತನೇತ್ತೆಗೆ ಸಾಲಿ ಬಿಟ್ಟು ಪುಣೆಗೆ ಹೋದ. ಅವನಿಗೆ ಊರಿನಾಗ ಎರಡು ಕೇರಿ ಇದ್ದವು, ಎರಡನೇ ಕೇರಿಗೆ ಬೇಲಿ ಹಾಕಿದವರು ನಾವು.

ಹಂಗಂತ ನನ್ನ ಹಳೇ ತಕರಾರು ಪೂರ್ತಿ ಸುಳ್ಳು ಅಂತಲೂ ಹೇಳೋದಿಲ್ಲ. ಮೋಹನಸ್ವಾಮಿಗೆ ಪಗಾರ ಇತ್ತು, ಬಾಗಿಲು ಹಾಕ್ಕೊಳ್ಳಾಕ ರೂಮು ಇತ್ತು. ರೂಮು ಇಲ್ಲದವರ ಕಥೆ ಬ್ಯಾರೆ ಕಡೆಯಿಂದ ಬಂತು, ಆತ್ಮಕಥೆಗಳಿಂದ. ನಮಗ ಇದು ಗುರುತಿನ ದಾರಿ. ನಮ್ಮ ಜಿಲ್ಲೆಯ ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿಯವರು 'ಗೌರ್ಮೆಂಟ್ ಬ್ರಾಹ್ಮಣ' ಬರೆದಾಗ, ಅವಮಾನ ಉಂಡವನೇ ಬಾಯಿ ತೆಗೆದ್ರ ಏನಾಗ್ತದ ಅಂತ ನಾವು ನೋಡೀವಿ. ತಮಿಳುನಾಡಿನಿಂದ ಬೆಂಗಳೂರಿಗೆ ಬಂದು ಸಂಗಮ ಸಂಸ್ಥೆಯಾಗ ದುಡಿದ ಎ. ರೇವತಿಯವರ ಆತ್ಮಕಥೆ ಕನ್ನಡಕ್ಕ 'ಬದುಕು ಬಯಲು' ಅಂತ ಬಂತು. ಅನುವಾದ ಮಾಡಿದವರು ನಮ್ಮ ದು. ಸರಸ್ವತಿ. ಹೆಗ್ಗೋಡಿನ ಜನಮನದಾಟ ತಂಡ ಅದನ್ನ ನಾಟಕ ಮಾಡಿ ಊರೂರು ತಿರುಗಿತು.

ಆಮ್ಯಾಲೆ ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆ ಕಲ್ಲುಕಂಬದಾಗ ಮಂಜುನಾಥ ಶೆಟ್ಟಿ ಅಂತ ಹುಟ್ಟಿ, 1975ರ ಸುಮಾರಿಗೆ ಹುಲಿಗೆಮ್ಮನ ಗುಡಿಯಾಗ ಜೋಗತಿ ಆದವರು. ಉಡುದಾರ ಹರಿದು, ಮುತ್ತು ಕಟ್ಟಿ, ಸೀರಿ ಉಡಿಸಿ, ಕೈಗೆ ಬಳಿ ತೊಡಿಸಿದರು. ಮಗ ಹೋದ ಅಂತ ತಾಯಿ ಅತ್ತದ್ದನ್ನ ಅವರೇ ಹೇಳಿಕೊಂಡಾರ. ಮನಿಯವರು ದೂರ ಮಾಡಿದರು, ವಿಷ ಕುಡಿದು ಉಳಿದರು, ಭಿಕ್ಷೆ ಬೇಡಿದರು, ದಾರಿಯಾಗ ಅತ್ಯಾಚಾರ ಆಯ್ತು. ಮರಿಯಮ್ಮನಹಳ್ಳಿಯಾಗ ಕಾಳವ್ವ ಜೋಗತಿಯ ತಂಡ ಸೇರಿ ಕುಣಿತ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ಆ ಹೆಸರು ಓದಿದ ಕೂಡಲೇ ದಾಸಿಮಯ್ಯನ ವಚನ ನೆನಪಾಗ್ತದ. ಹತ್ತನೇ, ಹನ್ನೊಂದನೇ ಶತಮಾನದ ನೇಕಾರ, ದೇಹದ ಗುರುತು ನೋಡಿ ಹೆಣ್ಣು ಗಂಡು ಅಂತೀರಿ, ಆತ್ಮಕ್ಕ ಯಾವ ಗುರುತು ಅಂತ ಕೇಳಿದವನು. ಪರದೇಶದ ಚಟ ಅನ್ನೋವರು ಅದನ್ನೊಮ್ಮೆ ತೆಗೆದು ನೋಡ್ರಿ.

ಗುಡಿಯಾಗ ಮಂಜಮ್ಮಗ ತೊಡಿಸಿದ ಬಳಿ, ನಾನು ತಾಟಿನ್ಯಾಗ ಒಯ್ದ ಬಳಿ, ಎರಡೂ ಅದೇ ಹಸಿರು ಗಾಜಿನವು, ಡಜನ್ನಿಗೆ ಇಷ್ಟು ಅಂತ ಅದೇ ಅಂಗಡಿಯಾಗ ಸಿಗೋವು. ಜೋಗವ್ವಗ ಅದು ಪ್ರಾಣ ಕೊಟ್ಟು ಗಳಿಸಿದ್ದು. ನಮ್ಮ ಅವ್ವ, ಅಕ್ಕ ಅದನ್ನೇ ತೊಟ್ಟು ಗಾರೆ ಕೆಲಸ ಮಾಡಿ ನಮ್ಮನ್ನ ಓದಿಸಿದರು. ನಮಗ ಮಾತ್ರ ಅದು ಹೇಡಿತನದ ಗುರುತು ಆಗಿದ್ದು ಹೆಂಗ? ಮೀಸೆ ತಿರುವೋ ಗೌಡರ ಭಾಷೆಯನ್ನೇ ಕಲಿತು ನಾವು ಗೌಡರ ವಿರುದ್ಧ ಮಾತಾಡಾಕ ಹತ್ತಿದ್ವಿ.

ಕ್ಲರ್ಕ್ ಆಗಿರೋದ್ರಿಂದ ಒಂದು ಕೆಲಸದ ಮಾತು. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯಾಗ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು, ದೇಶದಾಗೇ ಮೊದಲು. ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಗಿದ್ದರಿಂದ ಬಂದದ್ದು. ಇದರಾಗ ನಮ್ಮವರು ಗಮನಿಸಬೇಕಾದದ್ದು ಏನಂದ್ರ, ಈ ಶೇ. 1 ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ ಐತಿ. ಅಂದ್ರ ದಲಿತ ಜೋಗಪ್ಪಗ ಎಸ್‌ಸಿ ಹಕ್ಕು ಬಿಡಬೇಕಾಗಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲರನ್ನೂ ಹಿಂದುಳಿದ ವರ್ಗ ಅಂತ ಒಂದೇ ಚೀಲಕ್ಕ ಹಾಕಿದಾಗ ತಮಿಳುನಾಡಿನ ದಲಿತ ಟ್ರಾನ್ಸ್ ಹೋರಾಟಗಾರ್ತಿ ಗ್ರೇಸ್ ಬಾನು ಇದಕ್ಕೇ ಬಡಿದಾಡಿದ್ದು. ನಿಮ್ಮ ಕೇರಿಯಾಗ ಯಾರಾದರೂ ಇದ್ದರ 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಕಡೆಯಿಂದ ಗುರುತಿನ ಪತ್ರ ಮಾಡಿಸಬೇಕು. ಜಾತಿ ಪ್ರಮಾಣಪತ್ರ, ಸಾಲಿ ದಾಖಲೆ, ಆಧಾರ್ ಮೂರರಾಗೂ ಹೆಸರು ಒಂದೇ ಇಲ್ಲದಿದ್ದರ ಅರ್ಜಿ ತುಂಬೋ ಮೊದಲೇ ನೋಡಿಕೊಳ್ರಿ. ಅರ್ಜಿ ತುಂಬಾಕ ನಾನು ಬರ್ತೀನಿ, ಭಾನುವಾರ ಪುಕ್ಕಟೆ.

ಜೋಗವ್ವಗ ಈಗ ನೌಕರಿ ವಯಸ್ಸಿಲ್ಲ. ಅವರ ಜೋಡಿ ಇರೋ ಇಪ್ಪತ್ತು ವರ್ಷದ ಒಬ್ಬರ ಅರ್ಜಿ ಮೊನ್ನೆ ತುಂಬಿದೆ.

ಹೋದ ತಿಂಗಳು ನಮ್ಮ ಸಮಿತಿ ಸಭೆಯಾಗ ಒಂದು ಠರಾವು ಇಟ್ಟೆ: ಇನ್ನು ಮುಂದ ನಮ್ಮ ಯಾವ ಹೋರಾಟದಾಗೂ ಬಳಿ, ಸೀರಿ, ಕುಂಕುಮ ಒಯ್ಯಬಾರದು, 'ಗಂಡಸಾಗಿದ್ರ', 'ನಾಮರ್ದ', 'ಹಿಜಡಾ' ಅನ್ನೋ ಶಬ್ದ ಘೋಷಣೆಯಾಗ ಇರಬಾರದು. ಹೆಣ್ಣುಮಕ್ಕಳು ಕೂಡಲೇ ಕೈ ಎತ್ತಿದರು. ಗಂಡಸರಾಗ ಇಬ್ಬರು ಎತ್ತಿದರು, ಉಳಿದವರು ನಕ್ಕರು. ಒಬ್ಬ ಹಿರಿಯರು, "ಬಳಿ ಇಲ್ಲಂದ್ರ ಪೇಪರಿನವರು ಫೋಟೋ ಹಾಕೋದಿಲ್ಲೋ ತಮ್ಮಾ" ಅಂದರು. ಅವರ ಮಾತೂ ಸುಳ್ಳಲ್ಲ. ಠರಾವು ಪಾಸಾಗಿಲ್ಲ, ಮುಂದಿನ ಸಭೆಗೆ ಮತ್ತ ಇಡ್ತೀನಿ. ಬಳಿ ಬದಲು ತಾಟಿನ್ಯಾಗ ಏನು ಒಯ್ಯೋಣ ಅಂತ ಕೆಳಗ ಬರೀರಿ. ಸಂವಿಧಾನದ ಪ್ರತಿ ಅಂತ ಒಬ್ಬರು ಈಗಾಗಲೇ ಹೇಳ್ಯಾರ, ಆದರೆ ಆ ಸಾಹೇಬರು ಅದನ್ನ ಇಸ್ಕೊಂಡು ನಮಸ್ಕಾರ ಮಾಡಿ ಕಪಾಟಿನಾಗ ಇಟ್ಟುಬಿಡ್ತಾರ. ಸ್ಮಶಾನದ ಫೈಲೂ ಅದೇ ಕಪಾಟಿನಾಗ ಐತಿ.